ಆಸ್ಟ್ರೇಲಿಯಾದ ಮೂಲನಿವಾಸಿಗಳು ಸುಮ್ನೆ ಅಲೆದಾಡಿಕೊಂಡಿದ್ದರಾ?

ತುಂಗಾತೀರ, ತೀರ್ಥಹಳ್ಳಿ:
1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಇಳಿಯುವ ಮುಂಚೆ ಅಲ್ಲಿನವರು ಬೇಟೆ, ಗೆಡ್ಡೆಗೆಣಸು ಅಂತ ಅಲೆಯುತ್ತಿದ್ದರು, ನೆಲವನ್ನು ಮುಟ್ಟಿಯೂ ಇರಲಿಲ್ಲ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ಅಷ್ಟು ಸಾವಿರ ವರ್ಷ ಬರೀ ಸಿಕ್ಕಿದ್ದು ತಿಂದುಕೊಂಡಿದ್ದರಾ? ನಂಬಿಕೆ ಬರ್ತಿಲ್ಲ. ಗೊತ್ತಿದ್ದವರು ಹೇಳಿ.

ಹಿನ್ನೀರಿನವ, ಸಾಗರ:
ಎಂಥ ಅಲೆದಾಟ ಮಾರಾಯ್ರೇ! ವಿಕ್ಟೋರಿಯಾ ರಾಜ್ಯದ ಬುಜ್ ಬಿಮ್ ಬಗ್ಗೆ ಹುಡುಕಿ ನೋಡಿ. ಗುಂಡಿಚ್‌ಮಾರಾ ಜನ ಅಲ್ಲಿ ಲಾವಾ ಕಲ್ಲು ಸರಿಸಿ, ಕಾಲುವೆ ತೋಡಿ, ಅಡ್ಡಗಟ್ಟೆ ಕಟ್ಟಿ, ನೀರು ಏರಿದಾಗ ಬಂದ ಹಾವುಮೀನನ್ನು ಹೊಂಡದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಬೇಕಾದಾಗ ಕಟ್ಟೆಯ ಕಿಂಡಿಗೆ ಹೆಣೆದ ಬುಟ್ಟಿ ಇಟ್ಟು ಹಿಡಿಯುವುದು. ನಮ್ಮಲ್ಲಿ ಮಳೆಗಾಲಕ್ಕೆ ಹೊಳೆಯಿಂದ ಮೇಲೆ ಹತ್ತಿ ಬರೋ ಹತ್ತುಮೀನಿಗೆ ಕೂಣಿ, ಅಂದರೆ ಬಿದಿರಿನ ಬುಟ್ಟಿ, ಇಡ್ತೀವಲ್ಲ, ಹೆಚ್ಚುಕಮ್ಮಿ ಹಾಗೇ. ಆದರೆ ನಾವು ಅವತ್ತೇ ಸಾರು ಮಾಡಿ ಮುಗಿಸ್ತೀವಿ, ಅವರು ಸಾಕುತ್ತಿದ್ದರು. ಇದರ ಹಳೆಯ ಭಾಗಗಳಿಗೆ ಸುಮಾರು 6,600 ವರ್ಷ ಆಗಿದೆ. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕಲ್ಲು ಮನೆಗಳ ತಳಪಾಯವೂ ಅಲ್ಲೇ ಇದೆ.

ಕಾನಂಚು, ಹೊಸನಗರ:
ಬೆಂಕಿ ವಿಷಯ ಬಿಟ್ಟುಹೋಯ್ತು. ಗಾಳಿ, ಕಾಲ ನೋಡಿ ಸ್ವಲ್ಪ ಸ್ವಲ್ಪವೇ ಹುಲ್ಲು ಸುಡುತ್ತಿದ್ದರು. ಸುಟ್ಟಲ್ಲಿ ಎಳೆ ಹುಲ್ಲು ಬಂದರೆ ಕಾಂಗರೂ ತಾನಾಗೇ ಬರುತ್ತದೆ, ದೊಡ್ಡ ಕಾಳ್ಗಿಚ್ಚಿನ ಭಯವೂ ಕಮ್ಮಿ. ಆಗ್ನೇಯ ಭಾಗದಲ್ಲಿ ಮರ್ನಾಂಗ್ ಅಂತ ಗೆಡ್ಡೆ. ಹೆಂಗಸರು ಕೋಲಿನಲ್ಲಿ ಅಗೆದು ತೆಗೆಯುವಾಗ ಮಣ್ಣು ಸಡಿಲವಾಗಿ ಅದು ಮತ್ತೆ ಚೆನ್ನಾಗಿ ಹಬ್ಬುತ್ತಿತ್ತು. ಬಿಳಿಯರ ಕುರಿ ಬಂದವು ನೋಡಿ, ಕೆಲವೇ ವರ್ಷದಲ್ಲಿ ಬಹಳ ಕಡೆ ಮೇದು ಮುಗಿಸಿದವು. ಬೆಂಕಿಗೂ ತಡೆ ಬಿತ್ತು. ಇಲ್ಲೂ ಗಿಡಮರ ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಕಾಡು ಹಾಳು ಮಾಡುತ್ತದೆ ಅಂತಲೇ ಬ್ರಿಟಿಷರು ಅಡ್ಡ ಬಂದದ್ದು, ತಾವು ಮಾತ್ರ ತೇಗ ಕಡಿದು ಸಾಗಿಸಿದರು!

ತುಂಗಾತೀರ:
ಹಾಗಾದ್ರೆ ಅವರೂ ರೈತರೇ ಅನ್ನಬಹುದಲ್ವಾ?

ಕಾನಂಚು:
ಅದರ ಬಗ್ಗೆ ವಿದ್ವಾಂಸರಲ್ಲೇ ಜಗಳ ಇದೆ. ನನ್ನ ಕೇಳಿದರೆ ಆ ಹೆಸರು ಕೊಟ್ಟರೇ ಮರ್ಯಾದೆ ಅನ್ನೋದೇ ತಪ್ಪು. 250ಕ್ಕೂ ಜಾಸ್ತಿ ಭಾಷೆ ಇದ್ದ ಖಂಡ ಅದು, ಎಲ್ಲರೂ ಹಾವುಮೀನು ಸಾಕಲಿಲ್ಲ. ಮರುಭೂಮಿಯವರು ನಡೆಯುತ್ತಲೇ ಇದ್ದರು, ಆದರೆ ಯಾವ ತಿಂಗಳು ಯಾವ ಕಡೆ ನೀರು, ಯಾರ ನೆಲ ಎಲ್ಲಿ ಮುಗಿಯುತ್ತದೆ ಎಲ್ಲಾ ಲೆಕ್ಕ ಇತ್ತು. ಉಳುಮೆ ಕಾಣಲಿಲ್ಲ ಅಂತ ಬ್ರಿಟಿಷರು ಯಾರದ್ದೂ ಅಲ್ಲದ ನೆಲ ಅಂತ ನುಂಗಿದರು. ಆ ವಾದವನ್ನು ಅಲ್ಲಿನ ಹೈಕೋರ್ಟ್ (ಆ ದೇಶಕ್ಕೆ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟ್) ತಳ್ಳಿಹಾಕಿದ್ದು 1992ರಲ್ಲಿ, ಮಾಬೋ ಕೇಸಿನಲ್ಲಿ.