ಕಾಫಿಪುಡಿಯ ಪೌಚಿಗೂ ಇಪಿಆರ್ ನೋಂದಣಿ ಬೇಕೇ? – ಪ್ರಶ್ನೋತ್ತರ

ಪ್ರಶ್ನೆ (ಕಾಫಿಪುಡಿ ಘಟಕದ ಮಾಲೀಕರು, ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿರುವ ಪರಿಸರ ಸಲಹೆಗಾರ ಮೇಡಂ ಅವರಲ್ಲಿ ಒಂದು ವಿಚಾರ ಕೇಳಬೇಕಿತ್ತು. ನಾವು ಕಾಫಿ ಹುರಿದು, ಪುಡಿ ಮಾಡಿ, ನಮ್ಮದೇ ನೋಂದಾಯಿತ ಬ್ರಾಂಡಿನಲ್ಲಿ ಕಾಲು ಕೆ.ಜಿ. ಮತ್ತು ಅರ್ಧ ಕೆ.ಜಿ. ಪೊಟ್ಟಣಗಳಲ್ಲಿ ಮಾರುತ್ತೇವೆ. ವಾರ್ಷಿಕ ವಹಿವಾಟು ಸುಮಾರು 14 ಕೋಟಿ ರೂಪಾಯಿ, ಯಂತ್ರೋಪಕರಣಗಳ ಮೇಲಿನ ಹೂಡಿಕೆ 3 ಕೋಟಿಯಷ್ಟು. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಪ್ರಮಾಣಪತ್ರದಲ್ಲಿ ‘ಸಣ್ಣ ಉದ್ದಿಮೆ’ ಎಂದಿದೆ. ಕರ್ನಾಟಕ ಮತ್ತು ತಮಿಳುನಾಡಿನ ಅಂಗಡಿಗಳಿಗೆ ಕೊಡುತ್ತೇವೆ, ಆನ್‌ಲೈನಿನಲ್ಲಿ ಬೇರೆ ರಾಜ್ಯಗಳಿಗೂ ಹೋಗುತ್ತದೆ. ಈಗ ಬೆಂಗಳೂರಿನ ಸೂಪರ್ ಮಾರ್ಕೆಟ್ ಸರಣಿಯೊಂದು ನಮ್ಮ ಪುಡಿಯನ್ನು ಇಡಲು ಒಪ್ಪಿದೆ, ಆದರೆ ‘ಇಪಿಆರ್ ನೋಂದಣಿ ಸಂಖ್ಯೆ’ ಕೊಡದೆ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ ಎನ್ನುತ್ತಿದೆ. ನಮ್ಮ ಲೆಕ್ಕಪರಿಶೋಧಕರು, ಆಹಾರ ಸುರಕ್ಷತಾ ಪರವಾನಗಿ ಇದ್ದ ಮೇಲೆ ಇನ್ನೇನೂ ಬೇಡ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ (ಪರಿಸರ ಸಲಹೆಗಾರರು):

ನಮಸ್ಕಾರ ಸರ್. ಆಹಾರ ಸುರಕ್ಷತಾ ಪರವಾನಗಿ ಪುಡಿಗೆ ಸಂಬಂಧಪಟ್ಟದ್ದು. ಪೊಟ್ಟಣದ ಮೇಲೆ ತೂಕ, ಬೆಲೆ, ವಿಳಾಸ ಮುದ್ರಿಸುವ ನಿಯಮ ಕಾನೂನು ಮಾಪನ ಇಲಾಖೆಯದು. ಇಪಿಆರ್, ಅಂದರೆ ವಿಸ್ತೃತ ಉತ್ಪಾದಕ ಹೊಣೆಗಾರಿಕೆ, ಈ ಎರಡರಿಂದಲೂ ಬೇರೆಯಾದದ್ದು. ಗ್ರಾಹಕರು ಪುಡಿ ಬಳಸಿ ಎಸೆದ ಪೊಟ್ಟಣದ ಪ್ಲಾಸ್ಟಿಕ್ಕಿಗೆ ಯಾರು ಉತ್ತರದಾಯಿ ಎಂಬುದನ್ನು ಅದು ನಿರ್ಧರಿಸುತ್ತದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಇದರ ಬೇರು ಇದೆ. 2022ರ ಫೆಬ್ರವರಿ 16ರ ತಿದ್ದುಪಡಿಯಿಂದ ಅದಕ್ಕೆ ಗುರಿ, ಪೋರ್ಟಲ್, ಪ್ರಮಾಣಪತ್ರ, ಪರಿಹಾರ ಶುಲ್ಕ ಎಲ್ಲವೂ ಸೇರಿಕೊಂಡವು.

ಆ ತಿದ್ದುಪಡಿಯ ಪ್ರಕಾರ ನೋಂದಾಯಿತ ಬ್ರಾಂಡಿನಲ್ಲಿ ಸರಕು ಮಾರುವವರು ‘ಬ್ರಾಂಡ್ ಮಾಲೀಕರು’. ಆದರೆ ಬ್ರಾಂಡ್ ಮಾಲೀಕರಲ್ಲಿ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳನ್ನು ಹೊಣೆಯಿಂದ ಹೊರಗಿಡಲಾಗಿದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಾನದಂಡದಂತೆ ಹೂಡಿಕೆ 25 ಕೋಟಿ ಮತ್ತು ವಹಿವಾಟು 100 ಕೋಟಿ ರೂಪಾಯಿ ಮೀರದಿದ್ದರೆ ಅದು ಸಣ್ಣ ಉದ್ದಿಮೆ. ಎರಡರಲ್ಲಿ ಒಂದು ಮಿತಿ ದಾಟಿದರೂ ಮಧ್ಯಮ ವರ್ಗಕ್ಕೆ ಸೇರುತ್ತೀರಿ. ನಿಮ್ಮ ಅಂಕಿಗಳು ಈ ಮಿತಿಯೊಳಗೇ ಇರುವುದರಿಂದ ಬ್ರಾಂಡ್ ಮಾಲೀಕರೆಂಬ ಕಾರಣಕ್ಕೆ ನೀವು ನೋಂದಾಯಿಸಬೇಕಾಗಿಲ್ಲ.

ಸೂಪರ್ ಮಾರ್ಕೆಟ್ಟಿನವರು ಕೇಳುವುದಕ್ಕೂ ಕಾರಣವಿದೆ. ನೋಂದಾಯಿತ ಸಂಸ್ಥೆಯು, ನೋಂದಾಯಿಸಲೇಬೇಕಾಗಿದ್ದೂ ನೋಂದಾಯಿಸದವರೊಡನೆ ವ್ಯವಹರಿಸಬಾರದೆಂದು ನಿಯಮ ಹೇಳುತ್ತದೆ. ಅವರಿಗೆ ಉದ್ಯಮ್ ಪ್ರಮಾಣಪತ್ರದ ಪ್ರತಿಯನ್ನೂ, ನಾವು ಸಣ್ಣ ಉದ್ದಿಮೆಯಾದ್ದರಿಂದ ಬ್ರಾಂಡ್ ಮಾಲೀಕರ ಹೊಣೆಗೆ ಒಳಪಡುವುದಿಲ್ಲ ಎಂಬ ಲಿಖಿತ ಹೇಳಿಕೆಯನ್ನೂ ಕೊಡಿ. ಆದರೆ ಆ ಹೇಳಿಕೆಗೆ ಸಹಿ ಹಾಕುವ ಮುನ್ನ ಒಂದು ವಿಷಯ ತಿಳಿಸಿ: ನಿಮ್ಮ ಪೌಚುಗಳು ಎಲ್ಲಿಂದ ಬರುತ್ತವೆ, ಬಿಲ್ಲು ಯಾರ ಹೆಸರಿನಲ್ಲಿದೆ?

ಪ್ರಶ್ನಿಸಿದವರು:

ಸಾಮಾನ್ಯವಾಗಿ ಹಾಸನದ ಒಬ್ಬರಿಂದ ತರಿಸುತ್ತೇವೆ ಮೇಡಂ. ಹುರಿದ ಕಾಫಿಯ ಗಾಳಿ ಹೊರಹೋಗಲು ವಾಲ್ವ್ ಇರುವ ಪೌಚುಗಳು ಮಾತ್ರ 2024-25ರಲ್ಲಿ ಒಮ್ಮೆ ಚೀನಾದಿಂದ ನೇರವಾಗಿ ಬಂದಿದ್ದವು, ಸುಮಾರು ಒಂದೂವರೆ ಲಕ್ಷ. ಇಲ್ಲಿಗಿಂತ ಅಗ್ಗವಾಗಿ ಸಿಕ್ಕಿತೆಂದು ತರಿಸಿದ್ದು. ಆಮದಿನ ಕಸ್ಟಮ್ಸ್ ದಾಖಲೆಯಾದ ಬಿಲ್ ಆಫ್ ಎಂಟ್ರಿ ನಮ್ಮ ಹೆಸರಿನಲ್ಲೇ ಇದೆ. ಹೊರಗಡೆ ಕಂದು ಕಾಗದ ಇರುವುದರಿಂದ ಅದು ಕಾಗದದ ಪೌಚ್ ಎಂದುಕೊಂಡಿದ್ದೆವು.

ಉತ್ತರ:

ಹಾಗಿದ್ದರೆ ಉತ್ತರ ಬದಲಾಗುತ್ತದೆ ಸರ್. ಈ ನಿಯಮಗಳು ನಿಮ್ಮ ಅಂಗಡಿಯ ಬೋರ್ಡನ್ನು ನೋಡುವುದಿಲ್ಲ, ಪ್ಲಾಸ್ಟಿಕ್ಕು ನಿಮ್ಮ ಯಾವ ಕೈಯಿಂದ ಮಾರುಕಟ್ಟೆಗೆ ಇಳಿಯಿತು ಎಂಬುದನ್ನು ನೋಡುತ್ತವೆ. ಒಬ್ಬರೇ ಏಕಕಾಲಕ್ಕೆ ಬ್ರಾಂಡ್ ಮಾಲೀಕರೂ ಆಮದುದಾರರೂ ಆಗಿರಬಹುದು. ಸಣ್ಣ ಉದ್ದಿಮೆಯೆಂಬ ರಿಯಾಯಿತಿ ಬ್ರಾಂಡ್ ಮಾಲೀಕರಿಗಿದೆ, ಆಮದುದಾರರಿಗೆ ಇಲ್ಲ. ಖಾಲಿ ಪೌಚನ್ನು ಆಮದು ಮಾಡಿದರೂ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸರಕನ್ನು ಆಮದು ಮಾಡಿದರೂ ನೀವು ಆಮದುದಾರರೇ. ಆದ್ದರಿಂದ ಆ ಒಂದು ಖರೀದಿಯ ಮಟ್ಟಿಗೆ ನೀವು ನೋಂದಾಯಿಸಬೇಕು.

ಇನ್ನು ಕಾಗದದ ವಿಚಾರ. ಹೊರಗೆ ಕಾಗದ, ಒಳಗೆ ಪ್ಲಾಸ್ಟಿಕ್ ಪದರ, ನಡುವೆ ಅಲ್ಯೂಮಿನಿಯಂ ಹಾಳೆ ಇರುವ ಪೌಚು ನೋಡುವುದಕ್ಕೆ ಪರಿಸರಸ್ನೇಹಿಯಾಗಿ ಕಂಡರೂ, ಪದರಗಳನ್ನು ಬಿಡಿಸಲಾಗದ ಕಾರಣ ಮರುಬಳಕೆಗೆ ಅತ್ಯಂತ ಕಷ್ಟದ್ದು ಅದೇ. ನಿಯಮದಲ್ಲಿ ಡಬ್ಬಿ, ಬಾಟಲಿಯಂಥ ಗಟ್ಟಿ ಪ್ಲಾಸ್ಟಿಕ್ಕು ಮೊದಲನೆಯ ವರ್ಗ. ಪೂರ್ತಿ ಪ್ಲಾಸ್ಟಿಕ್ಕಿನಿಂದಲೇ ಆದ ಒಂದು ಅಥವಾ ಹಲವು ಪದರಗಳ ಮೃದು ಹಾಳೆ, ಸ್ಯಾಶೆ, ಪೌಚು ಎರಡನೆಯದು. ಪ್ಲಾಸ್ಟಿಕ್ಕಿನ ಜೊತೆಗೆ ಪ್ಲಾಸ್ಟಿಕ್ ಅಲ್ಲದ ಒಂದಾದರೂ ಪದರ ಇದ್ದರೆ ಅದು ಮೂರನೆಯ ವರ್ಗ, ನಿಮ್ಮ ಪೌಚು ಅಲ್ಲಿಗೆ ಬರುತ್ತದೆ. ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ ನಾಲ್ಕನೆಯದು. ಈ ವರ್ಗೀಕರಣ ಮುಖ್ಯ, ಏಕೆಂದರೆ ಒಂದು ವರ್ಗದ ಕೊರತೆಯನ್ನು ಇನ್ನೊಂದು ವರ್ಗದ ಪ್ರಮಾಣಪತ್ರದಿಂದ (ಇಷ್ಟು ತೂಕದ ಪ್ಲಾಸ್ಟಿಕ್ ಸಂಸ್ಕರಿಸಲಾಗಿದೆ ಎಂಬ ದಾಖಲೆಯಿಂದ) ತುಂಬಿಸಲು ಬರುವುದಿಲ್ಲ.

ದಯವಿಟ್ಟು ಒಂದು ಖಾಲಿ ಪೌಚನ್ನು ತೂಗಿ ಹೇಳುವಿರಾ? ನಮ್ಮ ಕಡೆ ಗ್ರಾಂ ಲೆಕ್ಕದಲ್ಲಿ ಕಾಫಿ ತೂಗುವವರು ಖಾಲಿ ಪೌಚನ್ನು ಮಾತ್ರ ತಕ್ಕಡಿಗೆ ಹಾಕಿರುವುದೇ ಇಲ್ಲ.

ಪ್ರಶ್ನಿಸಿದವರು:

ನೂರು ಪೌಚುಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆದೆ. ಒಂದಕ್ಕೆ 11 ಗ್ರಾಂ ಬರುತ್ತದೆ.

ಉತ್ತರ:

ತೂಗಿದ ರೀತಿ ಸರಿಯಾಗಿದೆ. ಒಂದೂವರೆ ಲಕ್ಷ ಪೌಚುಗಳಿಗೆ 1,650 ಕೆ.ಜಿ., ಅಂದರೆ 1.65 ಟನ್. ಹೊಣೆಯ ಪ್ರಮಾಣವನ್ನು ಹಿಂದಿನ ಎರಡು ಆರ್ಥಿಕ ವರ್ಷಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ. ಗ್ರಾಹಕರ ಕೈಗೆ ಹೋಗುವ ಮೊದಲೇ ಹಾಳಾದ ಪ್ಯಾಕಿಂಗಿನ ಸರಾಸರಿಯನ್ನು ಅದಕ್ಕೆ ಕೂಡಿಸಿ, ಹೊಣೆಗೆ ಒಳಪಡುವ ಬ್ರಾಂಡ್ ಮಾಲೀಕರಿಗೆ ಕೊಟ್ಟದ್ದನ್ನು ಕಳೆಯುತ್ತಾರೆ. ನಿಮ್ಮಲ್ಲಿ ಈ ಎರಡೂ ಶೂನ್ಯ ಎಂದಿಟ್ಟುಕೊಂಡರೆ 2025-26ಕ್ಕೆ 2023-24ರ ಶೂನ್ಯ ಮತ್ತು 2024-25ರ 1.65 ಸೇರಿ ಸರಾಸರಿ 0.825 ಟನ್ ಆಗುತ್ತದೆ. ಮತ್ತೆ ಒಂದು ಪೌಚನ್ನೂ ಆಮದು ಮಾಡದಿದ್ದರೂ 2026-27ಕ್ಕೂ ಅಷ್ಟೇ ಬರುತ್ತದೆ. ಒಂದು ಕಂಟೇನರಿನ ಖರೀದಿ ಎರಡು ವರ್ಷ ಬೆನ್ನ ಹಿಂದೆ ಬರುವುದೆಂದರೆ ಹೀಗೆ. ಅಗ್ಗವೆನಿಸಿದ ಬೆಲೆಗೆ ಈ ಖರ್ಚನ್ನೂ ಸೇರಿಸಿ ನೋಡಬೇಕಿತ್ತು.

ಸಂಗ್ರಹದ ಗುರಿ 2021-22ರಲ್ಲಿ ಶೇ 25, ಮರುವರ್ಷ ಶೇ 70 ಇದ್ದದ್ದು 2023-24ರಿಂದ ಪೂರ್ತಿ ಶೇ 100 ಆಗಿದೆ. ಅದರೊಳಗೆ ಕನಿಷ್ಠ ಇಷ್ಟನ್ನು ಮರುಬಳಕೆಯೇ ಮಾಡಿಸಬೇಕೆಂಬ ಗುರಿ ಬೇರೆ ಇದೆ. ಮೂರನೆಯ ವರ್ಗಕ್ಕೆ ಅದು 2024-25ರಲ್ಲಿ ಶೇ 30, 2025-26ರಲ್ಲಿ ಶೇ 40, 2026-27ರಲ್ಲಿ ಶೇ 50, 2027-28ರಿಂದ ಶೇ 60. ಆದ್ದರಿಂದ 2025-26ಕ್ಕೆ ನಿಮ್ಮ 825 ಕೆ.ಜಿ.ಯಲ್ಲಿ 330 ಕೆ.ಜಿ.ಗೆ ಮರುಬಳಕೆಯ ಪ್ರಮಾಣಪತ್ರವೇ ಬೇಕು. ಉಳಿದದ್ದು ಮರುಬಳಕೆಗೆ ಒಗ್ಗದ ಪ್ಲಾಸ್ಟಿಕ್ಕಾದರೆ ಸಿಮೆಂಟ್ ಗೂಡಿನಲ್ಲಿ ಸಹ-ಸಂಸ್ಕರಣೆ (ಇಂಧನವಾಗಿ ಉರಿಸುವುದು) ಅಥವಾ ರಸ್ತೆ ನಿರ್ಮಾಣದಂಥ ಅಂತಿಮ ವಿಲೇವಾರಿಗೆ ಹೋಗಬಹುದು. ನೀವೇ ಬೀದಿಬೀದಿ ಸುತ್ತಿ ಪೌಚು ಆಯಬೇಕಾಗಿಲ್ಲ, ಪೋರ್ಟಲಿನಲ್ಲಿ ನೋಂದಾಯಿತರಾದ ಸಂಸ್ಕರಣಾಕಾರರಿಂದ ಅಷ್ಟು ತೂಕದ ಪ್ರಮಾಣಪತ್ರ ಕೊಂಡರೆ ಸಾಕು. ಗುಜರಿ ಅಂಗಡಿಯ ರಸೀತಿ ಇದಕ್ಕೆ ಆಗುವುದಿಲ್ಲ.

ಒಂದು ಅಥವಾ ಎರಡು ರಾಜ್ಯಗಳಲ್ಲಿ ಮಾತ್ರ ವ್ಯವಹರಿಸುವವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಎರಡಕ್ಕಿಂತ ಹೆಚ್ಚಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೋಂದಣಿ ಕೊಡುತ್ತದೆ. ಆನ್‌ಲೈನ್ ಮಾರಾಟದ ಕಾರಣ ನೀವು ಕೇಂದ್ರಕ್ಕೆ ಅರ್ಜಿ ಹಾಕಬೇಕು. ಎರಡಕ್ಕೂ ಒಂದೇ ಕೇಂದ್ರೀಕೃತ ಪೋರ್ಟಲ್ ಇದೆ. ಜಿಎಸ್‌ಟಿ, ಪ್ಯಾನ್, ಉದ್ಯಮ್, ಅಧಿಕೃತ ಸಹಿದಾರರ ಗುರುತಿನ ದಾಖಲೆ ಮತ್ತು ಆಮದಿನ ಕಾಗದಪತ್ರಗಳನ್ನು ಜೋಡಿಸಿಟ್ಟುಕೊಳ್ಳಿ. ವಾರ್ಷಿಕ ವಿವರಣೆಯನ್ನು ಮುಂದಿನ ಆರ್ಥಿಕ ವರ್ಷದ ಜೂನ್ 30ರೊಳಗೆ ಸಲ್ಲಿಸಬೇಕು. ಹಿಂದೆ ಈ ಗಡುವನ್ನು ವಿಸ್ತರಿಸಿದ್ದುಂಟು, ಆದರೆ ಆ ವಿಸ್ತರಣೆಯನ್ನೇ ನೆಚ್ಚಿಕೊಂಡು ಕುಳಿತ ಕೆಲವರು ಕೊನೆಯ ವಾರ ಪ್ರಮಾಣಪತ್ರ ಸಿಗದೆ ಪರದಾಡಿದ್ದನ್ನು ನಾನು ನೋಡಿದ್ದೇನೆ.

ಪ್ರಶ್ನಿಸಿದವರು:

ಒಂದೇ ಸಲದ ಖರೀದಿ, ಯಾರ ಗಮನಕ್ಕೂ ಬರಲಿಕ್ಕಿಲ್ಲ, ಸುಮ್ಮನಿದ್ದುಬಿಡಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ.

ಉತ್ತರ:

ಕಸ್ಟಮ್ಸ್ ದಾಖಲೆ ನಿಮ್ಮ ಹೆಸರಿನಲ್ಲಿದೆ ಸರ್, ಮುಚ್ಚಿಡಲು ಅಲ್ಲಿ ಜಾಗವಿಲ್ಲ. ಮೇಲಾಗಿ ಸೂಪರ್ ಮಾರ್ಕೆಟ್ಟಿಗೆ ನೀವು ಲಿಖಿತ ಹೇಳಿಕೆ ಕೊಡಬೇಕಾಗಿದೆ, ಅದು ಸುಳ್ಳಾಗಬಾರದು. ಗುರಿ ತಪ್ಪಿದರೆ ಪರಿಸರ ಪರಿಹಾರ ಶುಲ್ಕ ಕಟ್ಟಬೇಕಾಗುತ್ತದೆ, ಕಟ್ಟಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಬಾಕಿ ತೂಕ ಮೂರು ವರ್ಷ ಮುಂದಕ್ಕೆ ಸಾಗುತ್ತದೆ. ಒಂದು ವರ್ಷದೊಳಗೆ ಬಾಕಿ ಪೂರೈಸಿದರೆ ಕಟ್ಟಿದ್ದರಲ್ಲಿ ಶೇ 75, ಎರಡು ವರ್ಷದೊಳಗಾದರೆ ಶೇ 60, ಮೂರು ವರ್ಷದೊಳಗಾದರೆ ಶೇ 40 ಹಿಂದಿರುಗುತ್ತದೆ. ಇದಲ್ಲದೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ 2024ರ ಏಪ್ರಿಲ್‌ನಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡವಿದೆ. 825 ಕೆ.ಜಿ.ಗಾಗಿ ಇಷ್ಟನ್ನು ಮೈಮೇಲೆ ಎಳೆದುಕೊಳ್ಳುವುದು ವ್ಯಾಪಾರದ ಲೆಕ್ಕದಲ್ಲೂ ಸರಿಯಲ್ಲ.

ಪ್ರಶ್ನೆ (ಪೌಚ್ ತಯಾರಕರು, ಹಾಸನ):

ಮೇಡಂ, ಮೇಲೆ ಹೇಳಿದ ಹಾಸನದವರು ನಾನಲ್ಲದಿದ್ದರೂ ಕೆಲಸ ಅದೇ. ರೋಲ್ ತರಿಸಿ, ಮುದ್ರಿಸಿ, ಲ್ಯಾಮಿನೇಟ್ ಮಾಡಿ ಪೌಚು ಕೊಡುತ್ತೇವೆ. ನಮ್ಮದು ಅತಿಸಣ್ಣ ಘಟಕ. ನಮಗೂ ರಿಯಾಯಿತಿ ಇದೆಯಲ್ಲವೇ?

ಉತ್ತರ:

ಪ್ಲಾಸ್ಟಿಕ್ ಪ್ಯಾಕಿಂಗನ್ನೇ ತಯಾರಿಸುವ ನೀವು ನಿಯಮದ ಪ್ರಕಾರ ‘ಉತ್ಪಾದಕರು’, ಆದ್ದರಿಂದ ನಿಮ್ಮ ಲೆಕ್ಕ ಬೇರೆ. 2024ರ ಮಾರ್ಚ್‌ನ ತಿದ್ದುಪಡಿಯಂತೆ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರ ಗುರಿಯ ಹೊಣೆ ಅವರಿಗೆ ಕಚ್ಚಾ ಪ್ಲಾಸ್ಟಿಕ್ ಮಾರಿದ ತಯಾರಕರ ಅಥವಾ ಆಮದುದಾರರ ಮೇಲೆ ಹೋಗಿದೆ. ಗುರಿ ಹೋಯಿತೆಂದು ನೋಂದಣಿ ಹೋಗಿಲ್ಲ, ಯಾರಿಗೆ ಎಷ್ಟು ಮಾರಿದಿರೆಂಬ ವಿವರ ಕೊಡುವುದೂ ತಪ್ಪಿಲ್ಲ. ಪೌಚಿನ ಮೇಲೆ ಅದನ್ನು ತಯಾರಿಸಿದವರ ಹೆಸರು, ನೋಂದಣಿ ಸಂಖ್ಯೆಗಳಂಥ ಮಾಹಿತಿ ಇರಬೇಕು. 2025ರ ಜುಲೈ 1ರಿಂದ ಅದನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮೂಲಕ ಕೊಡುವುದಕ್ಕೂ ಅವಕಾಶವಿದೆ.

ನಿಮ್ಮಂಥ ಘಟಕಗಳು ಮರೆಯುವ ಇನ್ನೊಂದು ವಿಷಯವೆಂದರೆ ಮುದ್ರಣದ ಶಾಯಿ, ದ್ರಾವಕ, ಅವನ್ನು ಒರೆಸಿದ ಬಟ್ಟೆ, ಜನರೇಟರಿನ ಹಳೆಯ ಎಣ್ಣೆ. ಇವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಮಂಡಳಿಯ ಅನುಮತಿ ಪಡೆದು, ದಿನಚರಿಯನ್ನು ನಮೂನೆ 3ರಲ್ಲಿ ಬರೆದಿಟ್ಟು, ವಾರ್ಷಿಕ ವಿವರಣೆಯನ್ನು ನಮೂನೆ 4ರಲ್ಲಿ ಜೂನ್ 30ರೊಳಗೆ ಸಲ್ಲಿಸಬೇಕು. ಹಳೆಯ ಎಣ್ಣೆಯನ್ನು ಬಾಗಿಲಿಗೆ ಬಂದವರಿಗೆ ಕ್ಯಾನಿನಲ್ಲಿ ತುಂಬಿ ಮಾರುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅಧಿಕೃತ ಮರುಬಳಕೆದಾರರಲ್ಲದವರಿಗೆ ಅದನ್ನು ಕೊಡುವಂತಿಲ್ಲ.

ಪ್ರಶ್ನೆ (ಹೋಂಸ್ಟೇ ನಡೆಸುವವರು, ಮುಳ್ಳಯ್ಯನಗಿರಿ ರಸ್ತೆ):

ನಾವು ಆರು ಕೋಣೆಗಳ ಹೋಂಸ್ಟೇ ನಡೆಸುತ್ತೇವೆ. ಅತಿಥಿಗಳು ಕೇಳಿದರೆ ತೋಟದ ಮೆಣಸು, ಜೇನನ್ನು ಸಣ್ಣ ಪೊಟ್ಟಣದಲ್ಲಿ ಕೊಡುತ್ತೇವೆ. ನಾವೂ ನೋಂದಾಯಿಸಬೇಕೇ?

ಉತ್ತರ:

ಬೇಕಿಲ್ಲ ಮೇಡಂ. ಆದರೆ ಕಸ ಉತ್ಪಾದಿಸುವವರ ಕರ್ತವ್ಯ ನಿಮಗಿದೆ: ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಆರೈಕೆಯ (ಅಪಾಯಕಾರಿ) ಕಸವನ್ನು ಬೇರ್ಪಡಿಸಿ ಗ್ರಾಮ ಪಂಚಾಯಿತಿಯ ವ್ಯವಸ್ಥೆಗೆ ಕೊಡಬೇಕು, ತೋಟದ ಮೂಲೆಯಲ್ಲಿ ಸುಡಬಾರದು. ದಿನಕ್ಕೆ 100 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ಕಸ ಬರುವವರು ಬೃಹತ್ ಕಸ ಉತ್ಪಾದಕರಾಗುತ್ತಾರೆ, ಆರು ಕೋಣೆಗೆ ಅಷ್ಟು ಬಾರದು. ಕೈಚೀಲದ ವಿಷಯದಲ್ಲಿ ಒಂದು ಎಚ್ಚರಿಕೆ. ಕೇಂದ್ರದ ನಿಯಮದಲ್ಲಿ 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಕ್ಕೆ 2022ರ ಡಿಸೆಂಬರ್ 31ರಿಂದ ನಿಷೇಧವಿದ್ದರೆ, ಕರ್ನಾಟಕದಲ್ಲಿ 2016ರ ಮಾರ್ಚ್ 11ರ ಅಧಿಸೂಚನೆಯಂತೆ ದಪ್ಪ ಎಷ್ಟೇ ಇದ್ದರೂ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ನಿಷಿದ್ಧ. ‘120 ಮೈಕ್ರಾನ್ ಇದೆ, ನಡೆಯುತ್ತದೆ’ ಎಂದು ಸಗಟು ವ್ಯಾಪಾರಿ ಹೇಳಿದರೆ ನಂಬಬೇಡಿ. ಗೊಬ್ಬರವಾಗುವ ಚೀಲವೆಂದು ಮಾರುವವರಲ್ಲಿ ಕೇಂದ್ರ ಮಂಡಳಿಯ ಪ್ರಮಾಣಪತ್ರ ಕೇಳಿ.

ಪ್ರಶ್ನಿಸಿದವರು (ಕಾಫಿಪುಡಿ ಘಟಕ):

ಮೇಡಂ, ಕೊನೆಯದಾಗಿ ಒಂದು. ಬೆಂಗಳೂರಿನ ಇನ್ನೊಂದು ಬ್ರಾಂಡಿಗೆ ನಾವು ಜಾಬ್‌ವರ್ಕ್ ಆಗಿ ಪುಡಿ ತುಂಬಿಕೊಡುತ್ತೇವೆ, ಪೌಚು ಅವರೇ ಕಳಿಸುತ್ತಾರೆ. ಅದರ ಲೆಕ್ಕ?

ಉತ್ತರ:

ಒಳ್ಳೆಯ ಸಮಯಕ್ಕೆ ಹೇಳಿದಿರಿ. ಬ್ರಾಂಡ್ ಮಾಲೀಕರಿಗಾಗಿ ಗುತ್ತಿಗೆಯ ಮೇಲೆ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ ಸರಕು ತಯಾರಿಸಿಕೊಡುವವರನ್ನೂ 2024ರ ತಿದ್ದುಪಡಿ ‘ಉತ್ಪಾದಕ’ ಎಂಬ ವ್ಯಾಖ್ಯೆಯೊಳಗೆ ತಂದಿದೆ. ಅರ್ಜಿ ಹಾಕುವಾಗ ಆ ಪಾತ್ರವನ್ನೂ ಮರೆಮಾಚದೆ ತೋರಿಸಿ. ಅವರ ಇಪಿಆರ್ ಸಂಖ್ಯೆಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ, ಅವರ ಪೌಚಿನ ದಾಸ್ತಾನಿಗೆ ಪ್ರತ್ಯೇಕ ಪುಸ್ತಕ ಇಡಿ: ಬಂದದ್ದು, ತುಂಬಿ ಕಳಿಸಿದ್ದು, ಹಾಳಾದದ್ದು. ನಿಮ್ಮ ಸ್ವಂತ ಆಮದಿನ 1.65 ಟನ್ನಿನ ಜೊತೆ ಅದು ಬೆರೆಯಬಾರದು. ಆ ನೂರು ಪೌಚಿನ ತೂಕದ ಚೀಟಿಗೆ ದಿನಾಂಕ ಹಾಕಿ, ಬಿಲ್ ಆಫ್ ಎಂಟ್ರಿಯ ಜೊತೆ ಪಿನ್ ಮಾಡಿ ಸೋಮವಾರ ತನ್ನಿ, ಅರ್ಜಿಯನ್ನು ಅಲ್ಲಿಂದಲೇ ಶುರು ಮಾಡೋಣ.