ಹಾಲ್‌ಗೆ ಕಡುನೀಲಿ: ಹಚ್ಚಿಸಿದವರು ಅನುಭವ ಹೇಳಿ

ಶಿರಸಿ ಸೊಸೆ:
ನಮ್ಮದು ಹಳೇ ಮಣ್ಣಿನ ಗೋಡೆ ಮನೆ. ಹಾಲ್ 14x12, ಬೆಳಕು ಕಮ್ಮಿ. ಕಡುನೀಲಿ ಹಚ್ಚಿಸೋ ಆಸೆ ನನಗೆ. ಅದು ಶನಿ ಬಣ್ಣ ಅಂತಾರೆ ಅತ್ತೆ. ಮಳೆಗಾಲದೊಳಗೆ ಮುಗೀಬೇಕು. ಹಚ್ಚಿಸಿದವರು ಹೇಳ್ತೀರಾ?

ವಿಜಯನಗರ ಮೂರನೇ ಮಹಡಿ:
ಬೇಡ ಮೇಡಂ. 9 ಲೀಟರ್ ಸಾಕು ಅಂದಿದ್ದ ಮೇಸ್ತ್ರಿ. ಕಡುಬಣ್ಣ ಎರಡು ಕೋಟ್‌ಗೆ ಕೂರಲಿಲ್ಲ, ರೋಲರ್ ಗೆರೆ ಎಲ್ಲಾ ಎದ್ದು ಕಾಣ್ತಿತ್ತು. ನಾಲ್ಕು ಕೋಟ್, 14 ಲೀಟರ್. ಲೀಟರಿಗೆ 520 ಅಂದ್ರೆ 7,280. ಇಬ್ಬರ ಕೂಲಿ ಐದು ದಿನಕ್ಕೆ 10,000. ಪುಟ್ಟಿ ಎರಡು ಮೂಟೆ 1,900. ಒಟ್ಟು 19,180, ಟೀ-ಬನ್ನು ಬೇರೆ. ಸಂಜೆ ಹಳದಿ ಬಲ್ಬ್ ಹಾಕಿದ್ರೆ ಗೋಡೆ ಪಾಚಿ ಕಟ್ಟಿದ ಹಾಗೆ! 6500 ಕೆಲ್ವಿನ್ ಬಿಳಿ ಹಾಕಿದೆ, ಆಪರೇಷನ್ ಥಿಯೇಟರ್ ಆಯ್ತು. ಕೊನೆಗೆ 4000 ಕೆಲ್ವಿನ್‌ದು ತಂದೆ, ಎಂಟು ಬಲ್ಬ್, ಅದಕ್ಕೆ ಇನ್ನೊಂದು 1,600. ನನ್ನ ಹೆಂಡತಿ ಈಗಲೂ ಆ ಗೋಡೆಗೆ ಬೆನ್ನು ಹಾಕೇ ಕೂರೋದು.

ಹುಬ್ಬಳ್ಳಿ ಹಳೇ ಮನಿ:
ಎಮಲ್ಷನ್ ಅನ್ನೋ ಪ್ಲಾಸ್ಟಿಕ್ ಬಣ್ಣ ಹಚ್ಚಿ ಅಳೋದ್ಯಾಕ್ರಿ? ನಮ್ಮಪ್ಪ ವರ್ಷಾ ದೀಪಾವಳಿಗೆ ಸುಣ್ಣದಾಗ ಅರಿವಿಗೆ ಹಾಕೋ ನೀಲಿ ಕಲಸಿ ಹಚ್ಚತಿದ್ರು. ನಾ ಶ್ಯಾಣ್ಯಾತನ ಮಾಡಾಕ ಹೋಗಿ ಪ್ಯಾಟ್ಯಾಗ ಗಾಢ ಪುಡಿ ತಂದೆ, ಪ್ರಷ್ಯನ್ ಬ್ಲೂ. ಸುಣ್ಣದ ಕ್ಷಾರಕ್ಕ ಅದು ಕೆಟ್ಟು ತುಕ್ಕಿನ ಬಣ್ಣಕ್ಕ ತಿರುಗಿತು. ಎಂಟ್ನೂರು ರೂಪಾಯಿ ಪುಡಿ, ಮೂರು ದಿನದ ಕೆಲಸ, ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು. ಸುಣ್ಣದಾಗ ಬಾಳೋದು ಅಲ್ಟ್ರಾಮರೀನ್. ಅರಿವಿ ನೀಲಿನೂ ಅದ. ಅಪ್ಪಗ ಈ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ವಿಜಯನಗರ ಮೂರನೇ ಮಹಡಿ:
ಸುಣ್ಣಕ್ಕೆ ಒರಗಿದ್ರೆ ಅಂಗಿ ಬೆನ್ನೆಲ್ಲ ನೀಲಿ. ಯಾವ ಕಾಲದಲ್ಲಿದೀರಾ?

ಹುಬ್ಬಳ್ಳಿ ಹಳೇ ಮನಿ:
ಅಂಗಿ ತೊಳದ್ರ ಹೋಗತೈತಿ. ನಿಮ್ಮ 19,180 ಎಲ್ಲಿ ತೊಳೀತೀರಿ?

ಗ್ರಹಬಲ:
ಅತ್ತೆಯವರ ಮಾತು ತಳ್ಳಿಹಾಕಬೇಡಿ. ನಾನು ನೀಲದ ಉಂಗುರ ಹಾಕಿದ ವಾರದಲ್ಲೇ ಬೈಕಿನಿಂದ ಬಿದ್ದು ಮೊಣಕೈ ಮುರೀತು, ಪ್ಲೇಟಿಗೆ 62,000. ಅಂಥದ್ದರಲ್ಲಿ ಇಡೀ ಗೋಡೆ!

ನೀಲಿ ಬಾವುಟ:
ಉಂಗುರಕ್ಕೂ ಗೋಡೆಗೂ ಏನ್ರೀ ಸಂಬಂಧ? ಹೆಲ್ಮೆಟ್ಟಿನ ಹಾಗೆ ಮೊಣಕೈಗೂ ಏನಾದ್ರೂ ಕಟ್ಕೋಬೇಕಿತ್ತು. ನಮ್ಮನೇಲಿ ನೀಲಿ ಅಂದ್ರೆ ಬಾಬಾಸಾಹೇಬರ ಬಣ್ಣ. 1942ರಲ್ಲಿ ಅವರು ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟವೂ ನೀಲಿಯೇ. ಮನೆ ಕಟ್ಟಿದಾಗ ಮುಂದಿನ ಗೋಡೆಗೆ ಅದೇ ಹಚ್ಚಿಸಿದೆ. ಪಕ್ಕದ ಮನೆಯವರು ‘ಬೇರೆ ಬಣ್ಣ ಸಿಗಲಿಲ್ವಾ’ ಅಂದ್ರು. ಬಿಸಿಲಿಗೆ ಎರಡೇ ವರ್ಷಕ್ಕೆ ಮಾಸಿತು, 11,500 ಕೊಟ್ಟು ಮತ್ತೆ ಅದನ್ನೇ ಹಚ್ಚಿಸಿದೆ. ಮಾಸಿದ್ರೆ ಇನ್ನೊಂದ್ಸಲ ಹಚ್ಚಿಸ್ತೀನಿ.

ಗ್ರಹಬಲ:
ಬಣ್ಣದ ವಿಷಯಕ್ಕೆ ರಾಜಕೀಯ ಯಾಕೆ ತರ್ತೀರಿ?

ನೀಲಿ ಬಾವುಟ:
ಶನಿಯನ್ನ ತಂದವರು ಯಾರು ಸಾರ್?

ಮರಳುಗಾಡಲ್ಲಿ ಮೂರು ವರ್ಷ:
ಕೆಲಸದ ಮೇಲೆ ಜೋಧಪುರದಲ್ಲಿದ್ದೆ. ಅಲ್ಲಿನ ಬ್ರಹ್ಮಪುರಿಯಲ್ಲಿ ಮನೆ ಮನೆಯೂ ನೀಲಿ. ಕೇಳಿದ್ರೆ ಒಬ್ಬರು ಬ್ರಾಹ್ಮಣರ ಮನೆ ಗುರುತು ಅಂತಾರೆ, ಇನ್ನೊಬ್ಬರು ಗೆದ್ದಲಿಗೆ ಅಂತಾರೆ, ಮತ್ತೊಬ್ಬರು ಸೆಕೆಗೆ. ಇಲ್ಲಿ ಶನಿ, ಅಲ್ಲಿ ಜಾತಿ ಗುರುತು! ನಮ್ಮ ಕೃಷ್ಣನೇ ನೀಲಮೇಘಶ್ಯಾಮ, ಅವನನ್ನ ದೇವರ ಕೋಣೆಯಿಂದ ಆಚೆ ಹಾಕ್ತೀರಾ? ಅಂದ ಹಾಗೆ, ಆ ಆಸೆಯಲ್ಲೇ ಊರಿಗೆ ಬಂದು ನಾನೂ ಬಾಡಿಗೆ ಮನೆಗೆ ನೀಲಿ ಹಚ್ಚಿಸಿದೆ. ಬಿಟ್ಟು ಬರುವಾಗ ಅಡ್ವಾನ್ಸಿನಲ್ಲಿ 22,000 ಮುರ್ಕೊಂಡ್ರು.

ವಿಜಯನಗರ ಮೂರನೇ ಮಹಡಿ:
ಒಂದು ತಿಂಗಳ ಬಾಡಿಗೆ ಎಲ್ಲರೂ ಮುರ್ಕೋತಾರೆ. ಬಿಳಿ ಇದ್ದಿದ್ರೂ ಮುರ್ಕೋತಿದ್ರು.

ಮರಳುಗಾಡಲ್ಲಿ ಮೂರು ವರ್ಷ:
ನೀವೂ ಮನೆ ಮಾಲೀಕರಾ? ಗೊತ್ತಾಯ್ತು ಬಿಡಿ.

ಶಿರಸಿ ಸೊಸೆ:
ನಮ್ಮದು ಮಣ್ಣಿನ ಗೋಡೆ ಅಂದಿದ್ದೆ. ಅದರ ಬಗ್ಗೆ ಯಾರಾದ್ರೂ?

ಹುಬ್ಬಳ್ಳಿ ಹಳೇ ಮನಿ:
ಅದನ್ನ ಆವಾಗಿಂದ ಹೇಳಾಕತ್ತೇನ್ರಿ ಅಕ್ಕಾರ. ಮಣ್ಣಿನ ಗ್ವಾಡಿ ಉಸಿರಾಡತೈತಿ, ಪ್ಲಾಸ್ಟಿಕ್ ಬಣ್ಣ ಬಳದ್ರ ಮಳಿಗಾಲದ ತೇವ ಒಳಗ ಸಿಕ್ಕೊಂಡು ಚಕ್ಕಿ ಏಳತೈತಿ. ನಿಮಗ ಸುಣ್ಣಾನ ಗತಿ. ಆದ್ರ ಸುಣ್ಣದಾಗ ಕಡುನೀಲಿ ಬರಂಗಿಲ್ಲ, ಆಕಾಶ ನೀಲಿ ಬರತೈತಿ. ಒಣಗಿದ ಮ್ಯಾಲ ಇನ್ನೂ ತಿಳಿ ಆಗತೈತಿ, ಮೊದಲ ಮೂಲ್ಯಾಗ ಒಂದು ಕೈ ಹಚ್ಚಿ ನೋಡ್ರಿ.

ಶಿರಸಿ ಸೊಸೆ:
ಆಕಾಶ ನೀಲಿ ಆದ್ರೆ ಅತ್ತೆ ಒಪ್ತಾರಂತೆ. ಅವರ ತವರುಮನೆ ಅಡುಗೆಕೋಣೆ ಅದೇ ಬಣ್ಣ ಇತ್ತಂತೆ.

ಗ್ರಹಬಲ:
ತಿಳಿನೀಲಿಗೆ ದೋಷ ಇಲ್ಲ ಅಂತ ನಾನು ಹೇಳಿಲ್ಲ.

ವಿಜಯನಗರ ಮೂರನೇ ಮಹಡಿ:
ನನ್ನ ಹತ್ರ ಒಂದೂವರೆ ಲೀಟರ್ ಕಡುನೀಲಿ ಮಿಕ್ಕಿದೆ. ಬಾಗಿಲಿಗೋ ಪೆಟ್ಟಿಗೆಗೋ ಬೇಕಿದ್ರೆ ಹೇಳಿ ಮೇಡಂ, ಶಿರಸಿ ಬಸ್ಸಿಗೆ ಹಾಕ್ತೀನಿ. ದುಡ್ಡು ಬೇಡ, ಮನೆಯಿಂದ ಹೋದ್ರೆ ಸಾಕು.