ಹೈಸ್ಕೂಲ್ ಮಕ್ಕಳಿಗೆ ಬೈಬಲ್ ಪಾಠ ಗಟ್ಟಿಯಾಗಿ ಮಾಡೋದು ಹೇಗೆ?

ಹಾಸನದ_ಟೀಚರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಕಥೋಲಿಕ ಅನುದಾನಿತ ಹೈಸ್ಕೂಲು, ನಾನು ಸಮಾಜ ವಿಜ್ಞಾನ ಟೀಚರ್, ಜೊತೆಗೆ ಎಂಟರಿಂದ ಹತ್ತನೇ ಕ್ಲಾಸಿನ ಕಥೋಲಿಕ ಮಕ್ಕಳ ಧರ್ಮೋಪದೇಶದ ಪಿರಿಯಡ್ಡೂ ನನಗೇ ಕೊಟ್ಟಿದ್ದಾರೆ. ಒಳ್ಳೆ ಸಮಾರಿಯದವನ ಕಥೆ ಶುರು ಮಾಡಿದ್ರೆ ಸಾಕು "ಟೀಚರ್ ಇದು ಗೊತ್ತು" ಅಂತಾರೆ, ಆದ್ರೆ ಬೈಬಲ್ ಕೈಗೆ ಕೊಟ್ಟು ಅದನ್ನ ತೆಗೀರಿ ಅಂದ್ರೆ ಯಾವ ಪುಟ ಅಂತ ಒದ್ದಾಡ್ತಾರೆ. ಮೊನ್ನೆ ಒಬ್ಳು ಯೂಟ್ಯೂಬಲ್ಲಿ ಜೀವವಿಕಾಸದ ವಿಡಿಯೋ ನೋಡ್ಕೊಂಡು ಬಂದು, ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಲೋಕ ಸೃಷ್ಟಿಗೆ ಆರು ದಿನ ಅಂತಿದೆಯಲ್ಲ, ಯಾವುದು ನಿಜ ಅಂತ ಕೇಳಿದ್ಳು. ಸುಮ್ನೆ ನಂಬು ಅಂತ ಕೂರಿಸೋಕೆ ನಂಗೆ ಮನಸ್ಸಿಲ್ಲ. ಬಿ.ಎಡ್‌ನಲ್ಲಿ ಇದ್ಯಾವುದೂ ಹೇಳಿಕೊಡಲ್ಲ, ಎಲ್ಲಿಂದ ಶುರು ಮಾಡ್ಲಿ?

ಮಾರ್ಕ_ಓದುಗ:
ಮೇಡಂ, ಮಾರ್ಕನ ಶುಭಸಂದೇಶ ಹಿಡೀರಿ. ಹದಿನಾರೇ ಅಧ್ಯಾಯ, ಯೇಸುಸ್ವಾಮಿಯ ಜೀವನ ಹೇಳೋ ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು. ಬಿಡಿಬಿಡಿ ಕಥೆ ಬೇಡ, ಮೊದಲಿಂದ ಕೊನೇವರೆಗೆ ಸಾಲಾಗಿ ಓದಿಸಿ. 5ನೇ ಅಧ್ಯಾಯದಲ್ಲಿ ಯಾಯಿರ ಅನ್ನೋ ಪ್ರಾರ್ಥನಾಮಂದಿರದ ಅಧಿಕಾರಿಯ ಮಗಳು ಸಾಯೋ ಸ್ಥಿತೀಲಿ ಇದ್ದಾಳೆ, ಯೇಸುಸ್ವಾಮಿ ಅವನ ಮನೆಗೆ ಹೊರಟಿದ್ದಾರೆ, ದಾರೀಲಿ ರಕ್ತಸ್ರಾವದ ಹೆಂಗಸು ಹಿಂದಿಂದ ಬಂದು ಬಟ್ಟೆ ಮುಟ್ತಾಳೆ, ಅವರು ಅಲ್ಲೇ ನಿಂತುಬಿಡ್ತಾರೆ. ಆ ಜಾಗದಲ್ಲಿ ಪುಸ್ತಕ ಮುಚ್ಚಿಸಿ, ಈಗ ಆ ತಂದೆಗೆ ಹೇಗಾಗಿರಬೇಕು ಅಂತ ಕೇಳಿ ನೋಡಿ. ಆಮೇಲೆ ಅವಳ ಕಾಯಿಲೆ ಎಷ್ಟು ವರ್ಷದ್ದು, ಹುಡುಗಿಗೆ ಎಷ್ಟು ವಯಸ್ಸು ಅಂತ ಹುಡುಕಿಸಿ. ಎರಡೂ 12, ಆದ್ರೆ ನೀವು ಹೇಳ್ಬೇಡಿ, ಅವ್ರೇ ಕಂಡುಹಿಡೀಲಿ. 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ರೊಟ್ಟಿ ಮೀನು ಹಂಚಿಸೋ ಕಥೇಲಿ, 39ನೇ ವಚನದಲ್ಲಿ, ಜನ ಹಸಿರು ಹುಲ್ಲಿನ ಮೇಲೆ ಕೂತ್ರು ಅಂತಿದೆ, ಅದೇ ಕಥೆ ಇರೋ ಯೊವಾನ್ನನ ಶುಭಸಂದೇಶದ 6:4 ನೋಡಿದ್ರೆ ಆಗ ಯೆಹೂದ್ಯರ ಪಾಸ್ಕ ಹಬ್ಬ ಹತ್ತಿರ ಇತ್ತು, ಅಂದ್ರೆ ಅಲ್ಲಿ ಮಳೆಗಾಲ ಮುಗಿದು ವಸಂತ ಬಂದಿರೋ ಹೊತ್ತು. ಯೇಸುಸ್ವಾಮಿ ಓಡಾಡಿದ ಗಲಿಲೇಯ ಸೀಮೆಯ ನಕ್ಷೆ, ಮಳೆ ಬೆಳೆ ಎಲ್ಲ ನಿಮ್ಮ ಸಬ್ಜೆಕ್ಟೇ ಅಲ್ವಾ, ಧೈರ್ಯವಾಗಿ ಬಳಸಿ.

ಸಿಸ್ಟರ್_ಮೈಸೂರು:
ಆ ಹುಡುಗಿಗೆ ಆದಿಕಾಂಡ 1 ಮತ್ತು 2 ಎರಡನ್ನೂ ಒಂದೇ ದಿನ ಓದಿಸಿ ಟೀಚರ್, ಬೋರ್ಡ್ ಮೇಲೆ ಎರಡು ಕಾಲಂ ಹಾಕಿ. ಮೊದಲನೇದ್ರಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ, ಎರಡನೇದ್ರಲ್ಲಿ ಮನುಷ್ಯ ಮೊದಲು, ಪ್ರಾಣಿಗಳು ಆಮೇಲೆ. ಬೈಬಲ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಲೋಕ ಯಾರದ್ದು, ಮನುಷ್ಯ ಯಾರು ಅನ್ನೋದೇ ಮುಖ್ಯ ಆಗಿತ್ತು, ಸೈನ್ಸ್ ಬರೆಯೋದಲ್ಲ. ಬರಹ ಯಾವ ಬಗೆಯದ್ದು ಅಂತ ನೋಡಿ ಓದ್ಬೇಕು ಅಂತ ಲೋಕದ ಕಥೋಲಿಕ ಬಿಷಪ್‌ಗಳು ಸೇರಿದ್ದ 2ನೇ ವ್ಯಾಟಿಕನ್ ಮಹಾಸಭೆಯೇ 1965ರ 'ದೇಯಿ ವೆರ್ಬುಮ್' ದಾಖಲೆಯಲ್ಲಿ ಹೇಳಿದೆ. 1996ರಲ್ಲಿ ಪೋಪ್ 2ನೇ ಜಾನ್ ಪಾಲ್ ಜೀವವಿಕಾಸ ಬರೀ ಊಹೆಗಿಂತ ಹೆಚ್ಚಿನದ್ದು ಅಂತಲೂ ಬರೆದ್ರು. ಪ್ರಶ್ನೆ ಕೇಳಿದ್ದಕ್ಕೆ ಅವಳನ್ನ ಎಲ್ಲರೆದುರು ಮೆಚ್ಚಿಕೊಳ್ಳಿ, ಅದು ಬಹಳ ಮುಖ್ಯ.

ಹಳೇ_ಹೆಡ್‌ಮಾಸ್ಟರ್:
ಎಲ್ಲ ಸರಿ, ಆದ್ರೆ ಬಾಯಿಪಾಠ ಪೂರ್ತಿ ಬಿಡಬೇಡಿ. 23ನೇ ಕೀರ್ತನೆ ಬಾಯಲ್ಲಿ ಇರೋ ಮಗುವಿಗೆ ಕಷ್ಟಕಾಲದಲ್ಲಿ ಪುಸ್ತಕ ಹುಡುಕೋ ಅಗತ್ಯ ಬೀಳಲ್ಲ. ಇನ್ನೊಂದು, ಅನುದಾನಿತ ಶಾಲೆ ಅಂದಿದ್ದೀರಿ, ಸಂವಿಧಾನದ 28ನೇ ವಿಧಿ ಪ್ರಕಾರ ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನ ಧರ್ಮಬೋಧನೆಗೆ ಕೂರಿಸೋ ಹಾಗಿಲ್ಲ, ಕಥೋಲಿಕ ಮಕ್ಕಳ ಮನೆಯಿಂದಲೂ ಸಹಿ ತರಿಸಿಟ್ಕೊಳ್ಳಿ. ಟೀಚರ್‌ಗಳ ತರಬೇತಿಗೆ ಬೆಂಗಳೂರಿನ ಎನ್‌ಬಿಸಿಎಲ್‌ಸಿ ಅನ್ನೋ ಕಥೋಲಿಕ ಧರ್ಮಸಭೆಯ ರಾಷ್ಟ್ರೀಯ ಕೇಂದ್ರ ಇದೆ, 1967ರಿಂದ ಬೈಬಲ್, ಧರ್ಮೋಪದೇಶದ ಕೆಲಸವೇ ಅವರದ್ದು, ರಜೇಲಿ ಕಳಿಸ್ಕೊಡಿ ಅಂತ ನಿಮ್ಮ ಮ್ಯಾನೇಜ್ಮೆಂಟನ್ನ ಕೇಳಿ, ಕೇಳೋ ಹಕ್ಕು ನಿಮಗಿದೆ.

ಹಾಸನದ_ಟೀಚರ್:
ತುಂಬಾ ಥ್ಯಾಂಕ್ಸ್ ಸಿಸ್ಟರ್, ಸರ್, ಎಲ್ಲರಿಗೂ. ಮುಂದಿನ ವಾರ ಎರಡು ಕಾಲಂ ಮಾಡ್ತೀನಿ, ಆಮೇಲೆ ಮಾರ್ಕ. ನಮ್ಮಲ್ಲಿ ನಾಲ್ಕು ಮಕ್ಕಳಿಗೆ ಒಂದು ಬೈಬಲ್ ಇದೆ, ಸಾಲಾಗಿ ಓದಿಸೋಕೆ ಅದು ಸಾಲಲ್ಲ. ಮಾರ್ಕನ ಶುಭಸಂದೇಶ ಒಂದೇ ಬಿಡಿಯಾಗಿ ಕನ್ನಡದಲ್ಲಿ ಎಲ್ಲಾದ್ರೂ ಸಿಗುತ್ತಾ?